ಎರೆ ಹೊಲದ ಬಿರುಕು, ಫೋನಿನ ಗಾಜು

ಬೇಸಿಗೆಯಲ್ಲಿ ಅಥಣಿ, ರಾಯಬಾಗ ಕಡೆಯ ಎರೆ ಹೊಲ ಬಾಯಿ ಬಿಟ್ಟರೆ ನಾವೆಲ್ಲ ಮುಗಿಲು ನೋಡುತ್ತೇವೆ. ಬೆಂಗಳೂರಿನ ವಿಜ್ಞಾನಿಗಳು ಅಂಥದೇ ಬಿರುಕನ್ನು ಗಾಜಿನ ಮೇಲೆ ಬೇಕೆಂದೇ ಮೂಡಿಸಿದರು. ಯಾಕೆ? ನಿಮ್ಮ ಕೈಯಲ್ಲಿರುವ ಫೋನಿನಿಂದಲೇ ಶುರು ಮಾಡೋಣ.

ಬರೀ ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಅದಕ್ಕೇ ಸ್ಕ್ರೀನಿನ ಗಾಜಿಗೆ ಕಣ್ಣಿಗೆ ಕಾಣದ ತೆಳು ಲೇಪ ಕೊಟ್ಟಿರುತ್ತಾರೆ. ಬೆರಳು ಮುಟ್ಟಿದ್ದು ಗೊತ್ತಾಗುವುದು ಆ ಲೇಪದಿಂದ.

ಇದರ ಕಥೆ ಹಳೆಯದು. ಬೆಳಕೂ ಹಾಯುವ, ಕರೆಂಟೂ ಹರಿಯುವ ಪದರವನ್ನು ಜರ್ಮನಿಯ ಕಾರ್ಲ್ ಬೇಡೆಕರ್ 1907ರಲ್ಲೇ ತೋರಿಸಿದ್ದರು. ಎರಡನೇ ಮಹಾಯುದ್ಧದ ಕಾಲಕ್ಕೆ ವಿಮಾನದ ಗಾಜಿನ ಹಿಮ ಕರಗಿಸಲು ತವರದ ಆಕ್ಸೈಡ್ ಲೇಪ ಬಂತು. ಈಗ ಹೆಚ್ಚು ಬಳಕೆಯಲ್ಲಿರುವುದು ಇಂಡಿಯಂ-ತವರದ ಆಕ್ಸೈಡ್. ಇಂಡಿಯಂ ಅಪರೂಪದ ಲೋಹ. ಮೇಲಾಗಿ ಈ ಲೇಪ ಬಗ್ಗಿಸಿದರೆ ಸೀಳುತ್ತದೆ.

2004ರಲ್ಲಿ ಮ್ಯಾಂಚೆಸ್ಟರಿನ ಗೈಮ್ ಮತ್ತು ನೊವೊಸೆಲೊವ್, ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿಗೆ ಅಂಟುಪಟ್ಟಿ ಹಚ್ಚಿ ಕಿತ್ತು, ಒಂದೇ ಪರಮಾಣು ದಪ್ಪದ ಪದರ ಬಿಡಿಸಿದರು. ಅದೇ ಗ್ರಾಫೀನ್. ಅದು ತಡೆಯುವ ಬೆಳಕು ನೂರಕ್ಕೆ 2.3ರಷ್ಟು ಮಾತ್ರ. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಅಷ್ಟರಲ್ಲಿ ಗ್ರಾಫೀನ್ 'ಬೆಳೆಯುವ' ದಾರಿಯೂ ಸಿಕ್ಕಿತ್ತು. ಸುಮಾರು 1000 ಡಿಗ್ರಿ ಕಾದ ತಾಮ್ರದ ಹಾಳೆಯ ಮೇಲೆ ಮಿಥೇನ್ ಹಾಯಿಸಬೇಕು. ಗೋಬರ್ ಗ್ಯಾಸಿನಲ್ಲಿ ಉರಿಯುವುದೂ ಇದೇ ಮಿಥೇನ್. ಆದರೆ ಬೆಳೆದದ್ದು ತಾಮ್ರದ ಮೇಲೆ, ಬೇಕಾದದ್ದು ಗಾಜಿನ ಮೇಲೆ. ನಿಪ್ಪಾಣಿಯ ರೈತರು ತಂಬಾಕಿನ ಅಗಿ ಕಿತ್ತು ಹಚ್ಚುವಂತೆ ಇದನ್ನೂ ಎತ್ತಿ ಹಚ್ಚಬೇಕು. ಹಾಗೆ ಎತ್ತುವಾಗ ಹರಿಯುತ್ತದೆ, ಸುಕ್ಕಾಗುತ್ತದೆ. ನೇರ ಗಾಜಿನ ಮೇಲೇ ಬೆಳೆಯೋಣವೆಂದರೆ ಸಾದಾ ಗಾಜು ಅಷ್ಟು ಕಾವಿಗೆ ಮೆತ್ತಗಾಗುತ್ತದೆ.

ಬೆಂಗಳೂರಿನ ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಗ್ರಾಫೀನ್ ಮೇಲೆ ಕೆಲಸ ಮಾಡಿದ ಜಾಗ ಅದು. ಅಲ್ಲಿಯ ಜಿ.ಯು. ಕುಲಕರ್ಣಿ ಅವರ ತಂಡ ಬೇರೆ ದಾರಿ ಹಿಡಿದು, 2014ರಲ್ಲಿ ಅದನ್ನು ಪ್ರಕಟಿಸಿತು. ಗಾಜಿಗೆ ದ್ರಾವಣ ಬಳಿದರು, ಒಣಗಿ ಬಿರಿಯಲು ಬಿಟ್ಟರು. ಬಿರುಕಿನೊಳಗೆ ಲೋಹ ಕೂಡಿಸಿ, ಬಳಿದದ್ದನ್ನು ತೊಳೆದು ತೆಗೆದರು. ಉಳಿದದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಎಳೆಗಳ ಬಲೆ. ಹೊಲದ ಬಿರುಕಿನಂತೆ ಎಳೆಗೆ ಎಳೆ ಕೂಡಿರುವುದರಿಂದ ಕರೆಂಟ್ ಎಲ್ಲ ಕಡೆ ಹರಿಯುತ್ತದೆ. ಗಾಜು ಬಿಸಿಯಾಗಿ ಮಂಜು ಬಿಡುತ್ತದೆ. ಇದಕ್ಕೆ ಇಂಡಿಯಂ ಬೇಡ, 1000 ಡಿಗ್ರಿಯ ಕುಲುಮೆಯೂ ಬೇಡ.

ಗ್ರಾಫೀನ್ ಇನ್ನೂ ಇಂಡಿಯಂ ಲೇಪದ ಜಾಗ ಹಿಡಿದಿಲ್ಲ, ಹುಡುಕಾಟ ನಡೆದೇ ಇದೆ. ಚಿಕ್ಕೋಡಿ, ಕಾಗವಾಡದ ನಮ್ಮ ಮಕ್ಕಳಿಗೆ ಅಂಥ ಲ್ಯಾಬ್ ದೂರವೇ ಸರಿ. ಆದರೆ ಅವರು ನೋಡಿ ಕಲಿಯಬೇಕಾದ ಬಿರುಕು ನಮ್ಮ ಹೊಲದಲ್ಲೇ ಇದೆ. 'ವಿಜ್ಞಾನ ನಮಗಲ್ಲ ಬಿಡ್ರಿ' ಅನ್ನುವ ಮೊದಲು ಅದನ್ನೊಮ್ಮೆ ಅವರಿಗೆ ತೋರಿಸೋಣ.