ಬೆಂಗಳೂರು ಮುಸ್ಲಿಮ್ಸ್: ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ

ಇತಿಹಾಸವೆಂದರೆ ಕೋಟೆ ಕಾಳಗಗಳ ಕಥೆ ಎಂದೇ ನಮ್ಮ ಮುದಗಲ್ಲಿನ ಮಕ್ಕಳು ತಿಳಿದು ಬೆಳೆಯುತ್ತಾರೆ. ಅದು ಸಹಜವೂ ಹೌದು. ಬಹಮನಿ ಸುಲ್ತಾನರು, ವಿಜಯನಗರದ ಅರಸರು, ಬಿಜಾಪುರದ ಆದಿಲ್‌ಶಾಹಿಗಳು ಈ ದೋಆಬ್ ಪ್ರದೇಶಕ್ಕಾಗಿ ಕಾದಾಡಿದ ಗುರುತುಗಳು ನಮ್ಮ ಕೋಟೆಯ ಗೋಡೆಗಳಲ್ಲಿ ಇಂದಿಗೂ ಇವೆ. ಆದರೆ ಬಯಲಿನಲ್ಲಿ ಚೆಂಡಾಡಿ ಹೆಸರು ಗಳಿಸಿದವರ ಕಥೆಯೂ ಇತಿಹಾಸವೇ. ಅಂತಹ ಒಂದು ಕಥೆ ನಮ್ಮ ರಾಜ್ಯದ ರಾಜಧಾನಿಯಲ್ಲಿ ನಡೆದದ್ದು. ಅದರ ನಾಯಕರು ಬೆಂಗಳೂರಿನ ಸಾಮಾನ್ಯ ಮುಸ್ಲಿಂ ತರುಣರು. ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಆ ತಂಡದ ಹೆಸರನ್ನೇ ಕೇಳಿಲ್ಲವೆಂಬುದು ಖೇದದ ಸಂಗತಿ.

ದಂಡಿನವರ ಆಟ

ಫುಟ್‌ಬಾಲ್ ನಮ್ಮ ದೇಶಕ್ಕೆ ಬಂದದ್ದು ಬ್ರಿಟಿಷ್ ಸೈನಿಕರ ಜೊತೆಗೆ. ಬೆಂಗಳೂರಿನ ದಂಡು ಪ್ರದೇಶವು 1947ರವರೆಗೂ ಬ್ರಿಟಿಷರ ಆಡಳಿತದಲ್ಲಿತ್ತು. ಮೈಸೂರು ಮಹಾರಾಜರ ಪೇಟೆ ಬೇರೆ, ಬ್ರಿಟಿಷರ ದಂಡು ಬೇರೆ. ದಂಡಿನ ಮೈದಾನಗಳಲ್ಲಿ ರೆಜಿಮೆಂಟುಗಳ ಸೈನಿಕರು ಬೂಟು ಧರಿಸಿ ಆಡುತ್ತಿದ್ದರೆ, ಸುತ್ತಲಿನ ಮೊಹಲ್ಲಾಗಳ ಹುಡುಗರು ನೋಡಿ ಕಲಿತು ಬರಿಗಾಲಿನಲ್ಲೇ ಆಡತೊಡಗಿದರು. ಹೀಗೆ ಕಲಿತವರ ನಡುವಿನಿಂದ ಬಂದ ತಂಡವೇ ‘ಬೆಂಗಳೂರು ಮುಸ್ಲಿಮ್ಸ್’.

ಆ ಕಾಲದಲ್ಲಿ ದೇಶದಲ್ಲಿ ಮೂರು ದೊಡ್ಡ ಪಂದ್ಯಾವಳಿಗಳಿದ್ದವು. ಡ್ಯೂರಾಂಡ್ ಕಪ್, ಕಲಕತ್ತೆಯ ಐ.ಎಫ್.ಎ. ಶೀಲ್ಡ್ ಮತ್ತು ಮುಂಬಯಿಯ ರೋವರ್ಸ್ ಕಪ್. ರೋವರ್ಸ್ ಕಪ್ ಆರಂಭವಾದದ್ದು 1891ರಲ್ಲಿ. ಈ ಪಂದ್ಯಾವಳಿಗಳು ಬಹುಕಾಲ ಬ್ರಿಟಿಷ್ ಸೇನಾ ತಂಡಗಳ ಸ್ವತ್ತಾಗಿದ್ದವು. 1911ರಲ್ಲಿ ಮೋಹನ್ ಬಗಾನ್ ತಂಡವು ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಶೀಲ್ಡ್ ಗೆದ್ದುದನ್ನು ಇಡೀ ದೇಶವೇ ಕೊಂಡಾಡಿತು. ಆದರೆ ರೋವರ್ಸ್ ಕಪ್ ಮಾತ್ರ ಕೈಗೆ ಸಿಗಲಿಲ್ಲ. 1923ರಲ್ಲಿ ಅದೇ ಮೋಹನ್ ಬಗಾನ್ ಅಂತಿಮ ಪಂದ್ಯದವರೆಗೆ ಹೋಗಿ ಡರ್ಹಮ್ ಲೈಟ್ ಇನ್‌ಫೆಂಟ್ರಿಯ ಎದುರು ಸೋತಿತು.

1937ರ ವಿಜಯ

ಆ ಬೀಗ ತೆರೆದವರು ಬೆಂಗಳೂರಿನವರು. 1937ರ ರೋವರ್ಸ್ ಕಪ್ ಅಂತಿಮ ಪಂದ್ಯದಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡವು ಕಲಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1-0 ಗೋಲಿನಿಂದ ಸೋಲಿಸಿತು. ರೋವರ್ಸ್ ಕಪ್ ಆರಂಭವಾದ 46 ವರ್ಷಗಳ ನಂತರ ಮೊದಲ ಬಾರಿಗೆ ಒಂದು ಭಾರತೀಯ ತಂಡ ಅದನ್ನು ಎತ್ತಿ ಹಿಡಿಯಿತು.

ಈ ವಿಜಯದ ತೂಕ ತಿಳಿಯಬೇಕಾದರೆ ಎದುರಾಳಿ ಯಾರೆಂಬುದನ್ನು ನೋಡಬೇಕು. ಮೊಹಮ್ಮಡನ್ ಸ್ಪೋರ್ಟಿಂಗ್ ಸಾಮಾನ್ಯ ತಂಡವಲ್ಲ. 1934ರಲ್ಲಿ ಕಲಕತ್ತಾ ಲೀಗ್ ಗೆದ್ದ ಮೊದಲ ಭಾರತೀಯ ತಂಡ ಅದು. 1938ರವರೆಗೆ ಸತತ ಐದು ವರ್ಷ ಆ ಪ್ರಶಸ್ತಿಯನ್ನು ಬಿಟ್ಟುಕೊಡಲಿಲ್ಲ. ದೇಶದ ಮೂಲೆಮೂಲೆಯಿಂದ, ಬೆಂಗಳೂರಿನಿಂದಲೂ ಸಹ, ಒಳ್ಳೆಯ ಆಟಗಾರರನ್ನು ಕರೆಸಿಕೊಂಡು ಕಟ್ಟಿದ ತಂಡವದು. ಮಳೆಯಲ್ಲಿ ಜಾರುವ ನೆಲದ ಮೇಲೆ ಬೂಟು ಹಾಕಿ ಆಡಿಸುವ ಪದ್ಧತಿಯನ್ನೂ ತಂದಿತ್ತು. ಅಂತಹ ತಂಡವನ್ನು ಬೆಂಗಳೂರಿನ ಹುಡುಗರು ಮಣಿಸಿದರು.

ಅದು ಅದೃಷ್ಟದ ಗೆಲುವಾಗಿರಲಿಲ್ಲ. ಮರುವರ್ಷ 1938ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮತ್ತೆ ಅಂತಿಮ ಪಂದ್ಯಕ್ಕೆ ಬಂದು, ಈ ಬಾರಿ ಬ್ರಿಟಿಷ್ ಸೇನೆಯ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ತಂಡವನ್ನು 3-2ರಿಂದ ಸೋಲಿಸಿ ಕಪ್ ಉಳಿಸಿಕೊಂಡಿತು. ಯಾರ ಆಟವನ್ನು ನೋಡಿ ಕಲಿತಿದ್ದರೋ ಅವರನ್ನೇ ಗೆದ್ದರು. 1940ರಲ್ಲಿ ಮತ್ತೆ ಮೊಹಮ್ಮಡನ್ ಸ್ಪೋರ್ಟಿಂಗ್ ಎದುರಾಯಿತು. ಆಗ 0-1ರಿಂದ ಸೋಲು. ಅದೇ ವರ್ಷ ಮೊಹಮ್ಮಡನ್ ಸ್ಪೋರ್ಟಿಂಗ್ ಡ್ಯೂರಾಂಡ್ ಕಪ್ಪನ್ನೂ ಗೆದ್ದು, ಅದನ್ನು ಗೆದ್ದ ಮೊದಲ ಭಾರತೀಯ ತಂಡವೆನಿಸಿತು. ಸ್ವಾತಂತ್ರ್ಯದ ನಂತರ 1948ರಲ್ಲಿ ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಗಾನನ್ನು 1-0ರಿಂದ ಸೋಲಿಸಿ ಮೂರನೆಯ ಬಾರಿಗೆ ರೋವರ್ಸ್ ಕಪ್ ಪಡೆಯಿತು.

1911, 1934, 1937, 1940. ಭಾರತೀಯ ಫುಟ್‌ಬಾಲಿನ ನಾಲ್ಕು ಮೈಲಿಗಲ್ಲುಗಳಿವು. ಇವುಗಳಲ್ಲಿ ಮೂರು ಕಲಕತ್ತೆಯವು. ಅವನ್ನು ಬಂಗಾಳದ ಜನ ಇಂದಿಗೂ ಮನೆಮಾತಾಗಿ ಇಟ್ಟುಕೊಂಡಿದ್ದಾರೆ. ಉಳಿದೊಂದು ಕರ್ನಾಟಕದ್ದು. ಅದನ್ನು ನಾವು ಮರೆತಿದ್ದೇವೆ.

ಬೆಂಗಳೂರಿನ ಪ್ರತಿಭೆಗಳು

ಒಂದು ತಂಡ ಗೆದ್ದರೆ ಅದರ ಹಿಂದೆ ಒಂದು ಊರಿನ ಆಟವಿರುತ್ತದೆ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ 1-2ರಿಂದ ಸೋತಿತು. ಭಾರತದ ಆ ಒಂದೇ ಗೋಲನ್ನು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಮತ್ತು ಅಹ್ಮದ್ ಖಾನ್ ಈ ಐವರು ಮುಂಚೂಣಿ ಆಟಗಾರರನ್ನು ಅಭಿಮಾನಿಗಳು ‘ಪಂಚ ಪಾಂಡವರು’ ಎಂದು ಕರೆದರು. ಐವರಲ್ಲಿ ಇಬ್ಬರು ಮುಸ್ಲಿಮರು, ಹೆಸರು ಪಾಂಡವರದು! ಮೊಹರಂ ಹಬ್ಬವನ್ನು ಹಿಂದೂ ಮುಸ್ಲಿಮರು ಕೂಡಿ ಆಚರಿಸುವ ನಮ್ಮ ಮುದಗಲ್ಲಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಮೈಸೂರು ರಾಜ್ಯ ತಂಡವು ಸಂತೋಷ್ ಟ್ರೋಫಿಯನ್ನು 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ನಾಲ್ಕು ಸಲವೂ ಅಂತಿಮ ಪಂದ್ಯದಲ್ಲಿ ಸೋತದ್ದು ಬಂಗಾಳ. ಆ ನಂತರ ಐದನೆಯ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ ಸೌದಿ ಅರೇಬಿಯಾದ ರಿಯಾದ್ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಕರ್ನಾಟಕವು ಮೇಘಾಲಯವನ್ನು 3-2ರಿಂದ ಸೋಲಿಸಿತು.

ನಮ್ಮ ಸೀಮೆಯ ಪಾಲು

ಇದೆಲ್ಲ ಬೆಂಗಳೂರಿನ ಮಾತಾಯಿತು, ನಮಗೇನು ಸಂಬಂಧ ಎಂದು ಕೆಲವರು ಕೇಳಬಹುದು. ರಾಯಚೂರು ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ರಾಜ್ಯದ ಹೈದರಾಬಾದ್ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತ ಐದು ಬಾರಿ ಇದೇ ರೋವರ್ಸ್ ಕಪ್ಪನ್ನು ಗೆದ್ದಿತು. ಅಂದರೆ ನಮ್ಮ ಹಿರಿಯರು ಆಗ ಯಾವ ರಾಜ್ಯದವರಾಗಿದ್ದರೋ ಆ ರಾಜ್ಯದ ಕಪ್ ಅದು. ಇಂದು ನಾವು ಯಾವ ರಾಜ್ಯದಲ್ಲಿದ್ದೇವೋ ಆ ರಾಜ್ಯದ ಕಪ್ 1937ರದು. ಎರಡೂ ನಮ್ಮವೇ.

ಆ ಪೊಲೀಸ್ ತಂಡವನ್ನು ತರಬೇತುಗೊಳಿಸಿದವರು ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಅವರು ಶಾಲಾ ಶಿಕ್ಷಕರು, ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು. ಬಲಹೀನವಾದ ಕಾಲಿನಲ್ಲೇ ಚೆಂಡು ಒದೆಯಬೇಕು, ಒಬ್ಬನೇ ಚೆಂಡನ್ನು ಹಿಡಿದು ಓಡಬಾರದು ಎಂಬ ನಿಯಮಗಳಿಟ್ಟು ಹುಡುಗರಿಗೆ ಪಂದ್ಯಾವಳಿ ನಡೆಸುತ್ತಿದ್ದರು. ದೌರ್ಬಲ್ಯವನ್ನು ತಿದ್ದುವುದು, ಕೂಡಿ ಆಡುವುದನ್ನು ಕಲಿಸುವುದು, ಇದು ಒಳ್ಳೆಯ ಮೇಷ್ಟ್ರ ಲಕ್ಷಣವಲ್ಲವೇ? ಅವರ ತರಬೇತಿಯಲ್ಲಿ ಭಾರತ 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು. ಅಹ್ಮದ್ ಖಾನ್ ಆ ತಂಡದಲ್ಲಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಯುಗೊಸ್ಲಾವಿಯಾದ ಎದುರು 1-10ರ ಘೋರ ಸೋಲು. ಆ ಒಂದು ಗೋಲೂ ಅಹ್ಮದ್ ಖಾನರದೇ. ಸೋಲಿನಿಂದ ಪಾಠ ಕಲಿತು ಬೂಟು ಕಡ್ಡಾಯವಾಯಿತು. ನಾಲ್ಕೇ ವರ್ಷದಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ, ಭಾರತ ನಾಲ್ಕನೆಯ ಸ್ಥಾನ ಪಡೆಯಿತು. 1960ರ ರೋಮ್ ಒಲಿಂಪಿಕ್ಸಿನಲ್ಲಿ ಬಲಿಷ್ಠ ಹಂಗೇರಿಯ ಎದುರು ಸೋತದ್ದು ಕೇವಲ 1-2ರಿಂದ. ಈ ಎರಡೂ ಒಲಿಂಪಿಕ್ಸ್ ತಂಡಗಳಲ್ಲಿ ಬೆಂಗಳೂರಿನ ಕೆಂಪಯ್ಯ ಇದ್ದರು. 1962ರಲ್ಲಿ ಕ್ಯಾನ್ಸರ್ ಪೀಡಿತರಾಗಿದ್ದ ರಹೀಮ್ ಸಾಹೇಬರು ಜಕಾರ್ತದಲ್ಲಿ ಮತ್ತೊಮ್ಮೆ ಏಷ್ಯನ್ ಚಿನ್ನ ಗೆಲ್ಲಿಸಿಕೊಟ್ಟು, 1963ರ ಜೂನ್ 11ರಂದು ತೀರಿಕೊಂಡರು.

ನಾವು ಕಲಿಯಬೇಕಾದದ್ದು

ಈ ಕಥೆಯಿಂದ ಮೂರು ಮಾತುಗಳನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಮೊದಲನೆಯದಾಗಿ, ಹೆಸರು ಸಮುದಾಯದ್ದಾದರೂ ಗೆಲುವು ನಾಡಿನದು. ಬೆಂಗಳೂರು ಮುಸ್ಲಿಮ್ಸ್ ಗೆದ್ದಾಗ ಸೋಲಿಲ್ಲದವರೆನಿಸಿದ್ದ ಬ್ರಿಟಿಷ್ ತಂಡಗಳ ಗರ್ವ ಮುರಿಯಿತು. ಅದು ಎಲ್ಲ ಭಾರತೀಯರ ಗೆಲುವಾಯಿತು. ನಮ್ಮ ಸಂಸ್ಥೆಗಳ ಸಾಧನೆಯೂ ಹೀಗೆ ಊರಿಗೆಲ್ಲ ಸಲ್ಲುವಂತಿರಬೇಕು.

ಎರಡನೆಯದಾಗಿ, ಆಟಗಾರನಿಗೂ ಹೊಟ್ಟೆಪಾಡು ಇದೆ. ಹೈದರಾಬಾದಿನಲ್ಲಿ ಪೊಲೀಸ್ ಇಲಾಖೆ ನೌಕರಿ ಕೊಟ್ಟು ಆಟಗಾರರನ್ನು ಉಳಿಸಿಕೊಂಡಿತು. ಬೆಂಗಳೂರಿನಲ್ಲಿ ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳು ಮುಂದೆ ತಂಡ ಕಟ್ಟಿದವು. ಬರಿಯ ಮೊಹಲ್ಲಾದ ಪ್ರೀತಿಯನ್ನು ನಂಬಿದ ಕ್ಲಬ್ಬುಗಳು ಹಿಂದೆ ಬಿದ್ದವು, ಅವುಗಳ ಅತ್ಯುತ್ತಮ ಆಟಗಾರರು ಕಲಕತ್ತೆಗೆ ಹೋದರು. ಆದ್ದರಿಂದ ಆಟದ ಜೊತೆಗೆ ವಿದ್ಯೆಯನ್ನೂ ಸಂಪಾದಿಸಬೇಕು. ಎರಡನ್ನೂ ಕೂಡಿಸಬಹುದೆಂಬುದಕ್ಕೆ ರಹೀಮ್ ಸಾಹೇಬರೇ ಸಾಕ್ಷಿ. ಪರೀಕ್ಷೆಯ ಅಂಕಗಳ ಭಯದಿಂದ ಮಕ್ಕಳನ್ನು ಬಯಲಿಗೇ ಬಿಡದ ಪಾಲಕರೂ ಇದನ್ನು ಯೋಚಿಸಬೇಕು.

ಮೂರನೆಯದಾಗಿ, ದಾಖಲೆ ಉಳಿಸದ ಸಮಾಜ ತನ್ನ ಹಿರಿಯರನ್ನು ಎರಡು ಸಲ ಕಳೆದುಕೊಳ್ಳುತ್ತದೆ, ಮರಣದಿಂದ ಒಮ್ಮೆ, ಮರೆವಿನಿಂದ ಇನ್ನೊಮ್ಮೆ. ನಮ್ಮ ಊರಿನಲ್ಲಿಯೂ ಆಡಿದವರು, ಶಾಲೆ ಕಟ್ಟಿದವರು, ಪಾಠ ಹೇಳಿದವರು ಇದ್ದಾರೆ. ರಜೆಯ ದಿನಗಳಲ್ಲಿ ನಮ್ಮ ವಿದ್ಯಾರ್ಥಿಗಳು ಅಜ್ಜ ಅಜ್ಜಿಯರ ಬಳಿ ಕುಳಿತು ಕೇಳಿ ಬರೆದಿಡಲಿ. ಹಳೆಯ ಫೋಟೋ, ಪ್ರಮಾಣಪತ್ರಗಳನ್ನು ಗೆದ್ದಲಿಗೆ ಬಿಡದೆ ಕಾಪಾಡಲಿ. ಮುಂದಿನ ವರ್ಷದ ಸಂಚಿಕೆಯಲ್ಲಿ ಅಂತಹ ಬರಹಗಳು ನಮ್ಮ ಮಕ್ಕಳ ಕೈಯಿಂದಲೇ ಬಂದರೆ, ಬೆಂಗಳೂರಿನ ಆ ಬರಿಗಾಲಿನ ಹುಡುಗರನ್ನು ನೆನೆದದ್ದು ಸಾರ್ಥಕವಾದಂತೆ.