ಮಂಗನ ಕಾಯಿಲೆ: ಸಂಶೋಧನೆ ಮತ್ತು ಸರ್ಕಾರಿ ಅನುದಾನ

ಮಂಗನ ಕಾಯಿಲೆ ಅಥವಾ ಕ್ಯಾಸನೂರು ಕಾಡಿನ ಕಾಯಿಲೆ ಉಣುಗಿನ ಕಡಿತದಿಂದ ಮನುಷ್ಯರಿಗೆ ತಗಲುವ ವೈರಾಣು ಜ್ವರ. ಡಿಸೆಂಬರಿನಿಂದ ಮೇವರೆಗೆ, ಕೊಟ್ಟಿಗೆಗೆ ತರಗೆಲೆ, ಒಲೆಗೆ ಸೌದೆ ತರಲು ಕಾಡಿಗೆ ಹೋಗುವವರಲ್ಲಿ ಇದು ಹೆಚ್ಚು. ಕಾಲಿಗೆ ಹತ್ತುವ ಮರಿ ಉಣುಗು ಎಳ್ಳುಕಾಳಿಗಿಂತ ಚಿಕ್ಕದು, ಕಚ್ಚಿದ್ದು ಎಷ್ಟೋ ಸಲ ಗೊತ್ತಾಗುವುದೇ ಇಲ್ಲ. ಸೋಂಕಿತರಲ್ಲಿ ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ. ನಿರ್ದಿಷ್ಟ ಔಷಧವಿಲ್ಲ.

ಲಸಿಕೆಯ ಇತಿಹಾಸ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಈ ವೈರಾಣುವನ್ನು ಬೇರ್ಪಡಿಸಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರ. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1952ರಲ್ಲಿ ಅದನ್ನು ಜೊತೆಯಾಗಿ ಕಟ್ಟಿದ್ದವು. 1967ರಲ್ಲಿ ಪ್ರತಿಷ್ಠಾನ ಹಿಂದೆ ಸರಿದ ಮೇಲೆ ಪೂರ್ತಿ ಭಾರ ಮಂಡಳಿಯ ಮೇಲೆ ಬಿತ್ತು. ಮೊದಲು ರಷ್ಯಾದ ಮಿದುಳುಜ್ವರದ ಲಸಿಕೆಯನ್ನೇ ಇಲ್ಲಿ ಪ್ರಯೋಗಿಸಿದರೂ ಅದು ರಕ್ಷಣೆ ಕೊಡಲಿಲ್ಲ. ಬಳಿಕ ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಾಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆ ರೂಪುಗೊಂಡಿತು. 1990ರ ದಶಕದ ಆರಂಭದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಿಗೆ ಶೇ. 93.5ರಷ್ಟು ರಕ್ಷಣೆ ಕಂಡಿತ್ತು. 2005–10ರ ಲೆಕ್ಕದಲ್ಲಿ ಅದು ಶೇ. 62.4ಕ್ಕೆ ಇಳಿದಿತ್ತು. ಎರಡು ಅಧ್ಯಯನಗಳ ವಿಧಾನ ಬೇರೆಯಾದ್ದರಿಂದ ಹೋಲಿಕೆಯಲ್ಲಿ ಎಚ್ಚರ ಬೇಕು. ಆದರೂ ಸೂಚನೆ ಸ್ಪಷ್ಟ: ಹಳೆಯ ಸೂತ್ರದಲ್ಲೇ ತಯಾರಿಕೆ ನಡೆಯಿತು, ಅದನ್ನು ಸುಧಾರಿಸುವ ಸಂಶೋಧನೆ ಜೊತೆಗೆ ಸಾಗಲಿಲ್ಲ. 2022ರಲ್ಲಿ ಲಸಿಕೆಯನ್ನೇ ನಿಲ್ಲಿಸಲಾಯಿತು.

ಅನುದಾನದ ಪ್ರಶ್ನೆ

ಮಂಡಳಿಗೆ ಹಣ ಒದಗಿಸುವ ಕೇಂದ್ರದ ಆರೋಗ್ಯ ಸಂಶೋಧನಾ ಇಲಾಖೆಗೆ 2022–23ರ ಬಜೆಟ್ಟಿನಲ್ಲಿ ಸುಮಾರು 3,200 ಕೋಟಿ ರೂಪಾಯಿ ಇತ್ತು. ಮರುವರ್ಷ 2,980 ಕೋಟಿಗೆ ಇಳಿಯಿತು. ಕೊಟ್ಟ ಹಣವೇ ಖರ್ಚಾಗದಿದ್ದಾಗ ಕಡಿತದಲ್ಲಿ ತಪ್ಪೇನು ಎಂಬ ವಾದವುಂಟು. ಆದರೆ ಹಣ ಉಳಿದ ಮಾತ್ರಕ್ಕೆ ಅಗತ್ಯ ತೀರಿತೆನ್ನಲಾಗದು. ಮಂಜೂರಾತಿ, ನೇಮಕಾತಿ ತಡವಾದರೂ ಉಳಿಯುತ್ತದೆ. ಕೆಲವೇ ತಾಲ್ಲೂಕಿನ ರೋಗಕ್ಕಿಂತ ಕ್ಷಯಕ್ಕೆ ಹಣ ಹೋಗಲಿ ಎಂಬ ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಆದರೆ 2012ರಿಂದೀಚೆಗೆ ರೋಗ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದಲ್ಲೂ ಕಾಣಿಸಿಕೊಂಡಿದೆ. ಲಾಭವಿಲ್ಲದ ಲಸಿಕೆಗೆ ಕಂಪನಿಗಳು ತಾವಾಗಿ ಮುಂದೆ ಬರುವುದಿಲ್ಲ. ರೋಗ ಉಲ್ಬಣಿಸಿದ ಮೇಲೆ ಹಣ ಸುರಿದರೂ ಲಸಿಕೆಗೆ ವರ್ಷಗಳೇ ಬೇಕು. ಆದ್ದರಿಂದ ರೋಗ ತಣ್ಣಗಿರುವ ವರ್ಷಗಳ ಅನುದಾನವೇ ನಿರ್ಣಾಯಕ. ಹೊಸ ಲಸಿಕೆಗಾಗಿ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಕೆಲಸ ಆರಂಭಿಸಿದ್ದು ಹಳೆಯದು ನಿಂತ ಮೇಲೆ. ಈ ನಡುವೆ ಕಾಡಿಗೆ ಹೋಗುವವರು ಉಣುಗು ಹತ್ತದಂತೆ ಕೈಕಾಲಿಗೆ ಹಚ್ಚಿಕೊಳ್ಳುತ್ತಿರುವುದು ಡೆಪಾ ಎಣ್ಣೆ. ಅದೂ ಸರ್ಕಾರಿ ರಕ್ಷಣಾ ಪ್ರಯೋಗಾಲಯವೊಂದರ ಸಂಶೋಧನೆಯ ಫಲ.