ದಿನಾಂಕದ ಅಂಕಿಗಳಲ್ಲಿ ಕಾಣುವ ವಿಚಿತ್ರ ಜೋಡಣೆಗಳು

ಕಾತ್ರಜದ ಕನ್ನಡ ಮನೆಗಳಿಗೆ ಬರುವ ಲಗ್ನಪತ್ರಿಕೆಗಳಲ್ಲಿ ದಿನವನ್ನು ಎರಡು ಬಗೆಯಲ್ಲಿ ಬರೆದಿರುತ್ತಾರೆ. ಮೊದಲು ಶಾಲಿವಾಹನ ಶಕೆ, ಸಂವತ್ಸರ, ಮಾಸ, ಪಕ್ಷ, ತಿಥಿ. ಅದರ ಕೆಳಗೆ ಇಂಗ್ಲಿಷ್ ತಾರೀಖು ಮತ್ತು ಗಂಟೆ. ಶಕೆಯೂ ಅಮಾವಾಸ್ಯೆಗೆ ಮುಗಿಯುವ ಮಾಸವೂ ಮಹಾರಾಷ್ಟ್ರ, ಕರ್ನಾಟಕಗಳೆರಡಕ್ಕೂ ಸಮಾನವಾದುದರಿಂದ ನಮ್ಮ ಯುಗಾದಿಯೂ ನೆರೆಮನೆಯವರ ಗುಡಿಪಾಡ್ವವೂ ಒಂದೇ ದಿನ ಬರುತ್ತವೆ. ಬೀಗರು ಮರಾಠಿಯವರಾದರೂ ಪತ್ರಿಕೆಯ ಮೇಲಿನ ಸಾಲಿಗೆ ತಕರಾರು ಹುಟ್ಟುವುದಿಲ್ಲ. ಚರ್ಚೆ ಏಳುವುದು ಕೆಳಗಿನ ಸಾಲಿನ ಬಗ್ಗೆ. 11-11-11, 12-12-12, 22-02-2022 ಇಂಥ ದಿನಗಳು ಬಂದಾಗಲೆಲ್ಲ ಮದುವೆ, ಗೃಹಪ್ರವೇಶ, ಕೊನೆಗೆ ಹೆರಿಗೆ ಕೂಡ ಆ ದಿನವೇ ಆಗಬೇಕೆಂದು ಬಯಸುವವರು ಇದ್ದಾರೆ. ಈ ಜೋಡಣೆಗಳು ಹೇಗೆ ಉಂಟಾಗುತ್ತವೆ, ಎಷ್ಟು ಅಪರೂಪ, ಅವುಗಳಿಗೆ ಎಷ್ಟು ಬೆಲೆ ಕೊಡಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇವೆ.

ಹಿಂದುಮುಂದಾಗಿ ಓದಿದರೂ ಒಂದೇ ಆಗಿರುವ ರಚನೆಯನ್ನು ನಮ್ಮ ಅಲಂಕಾರಶಾಸ್ತ್ರ ಗತಪ್ರತ್ಯಾಗತವೆಂದು ಕರೆಯುತ್ತದೆ. ‘ವಿಕಟಕವಿ’, ‘ಕುಬೇರನಿಗೇನಿರಬೇಕು’ ಎಂಬ ಮಾತುಗಳು ಮಕ್ಕಳಿಗೂ ಗೊತ್ತು. ದಿನ, ತಿಂಗಳು, ವರ್ಷ ಎಂಬ ನಮ್ಮ ಕ್ರಮದಲ್ಲಿ ಎಂಟು ಅಂಕಿಗಳನ್ನು ಬರೆದಾಗ 22-02-2022 ಅಂಥದೇ ದಿನವಾಗುತ್ತದೆ. ಇದರ ಒಳಗುಟ್ಟು ಸರಳ. ವರ್ಷವನ್ನು ತಿರುಗಿಸಿ ಬರೆದರೆ ದಿನ ಮತ್ತು ತಿಂಗಳು ದೊರೆಯಬೇಕು. ಈ ಶತಮಾನದ ವರ್ಷಗಳು 20ರಿಂದ ಆರಂಭವಾಗುವುದರಿಂದ ತಿಂಗಳ ಸ್ಥಾನದಲ್ಲಿ ಬರುವುದು 02 ಮಾತ್ರ. ಆದ್ದರಿಂದ ಈ ಶತಮಾನದ ಗತಪ್ರತ್ಯಾಗತ ದಿನಗಳೆಲ್ಲವೂ ಫೆಬ್ರವರಿಯಲ್ಲೇ ಬೀಳುತ್ತವೆ. ಒಟ್ಟು 29 ದಿನಗಳು. ಫೆಬ್ರವರಿಯ ಒಂದೊಂದು ತಾರೀಖಿಗೂ ಒಂದೊಂದು. ಮೊದಲನೆಯದು 10-02-2001, ಕೊನೆಯದು 29-02-2092. ಅದೃಷ್ಟವಶಾತ್ 2092 ಅಧಿಕ ವರ್ಷವೇ ಆಗಿದೆ. 2022ರ ನಂತರದ್ದು 03-02-2030, ಭಾನುವಾರ.

2001ಕ್ಕೆ ಮೊದಲು ಇಂಥ ದಿನ ಯಾವಾಗ ಬಂದಿತ್ತು? 12ರಿಂದ 19ರವರೆಗಿನ ಯಾವ ಸಂಖ್ಯೆಯನ್ನು ತಿರುಗಿಸಿದರೂ 21, 31, 91 ಎಂದು ಇಲ್ಲದ ತಿಂಗಳುಗಳೇ ಬರುತ್ತವೆ. ಹೀಗಾಗಿ ಹಿಂದೆ ಸರಿಯುತ್ತ 29-11-1192ರವರೆಗೆ ಹೋಗಬೇಕು. ಎಂಟುನೂರು ವರ್ಷಗಳಿಗೂ ಮಿಕ್ಕ ಬರಗಾಲ! ಆದರೆ ಆ ದಿನವನ್ನು ಕನ್ನಡ ನಾಡಿನಲ್ಲಿ ಯಾರೂ ಗಮನಿಸಿರಲಾರರು. ಅದೇ ನವೆಂಬರಿನಲ್ಲಿ ಗದಗಿನ ತ್ರಿಕೂಟೇಶ್ವರ ದೇವಾಲಯಕ್ಕೆ ಹೊಯ್ಸಳ ವೀರಬಲ್ಲಾಳನು ದತ್ತಿ ಬಿಟ್ಟ ಶಾಸನದಲ್ಲಿರುವುದು ಶಕವರ್ಷ 1114, ಪರಿಧಾವಿ ಸಂವತ್ಸರ. ಶಾಸನ ಬರೆದವನಿಗೆ 1192 ಎಂಬ ಸಂಖ್ಯೆಯೇ ತಿಳಿದಿರಲಿಲ್ಲ. ಅಂಕಿಗಳ ಈ ಚಮತ್ಕಾರ ಕಾಲದಲ್ಲಿ ಹುದುಗಿರುವುದಲ್ಲ, ಕಾಲವನ್ನು ನಾವು ಬರೆಯುವ ರೀತಿಯಲ್ಲಿ ಹುಟ್ಟುವುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಭಾರತ ಸರ್ಕಾರವು ಮೇಘನಾದ ಸಹಾ ಅವರ ಅಧ್ಯಕ್ಷತೆಯ ಸಮಿತಿಯ ಸಲಹೆಯಂತೆ 1957ರ ಮಾರ್ಚ್ 22ರಂದು ಜಾರಿಗೆ ತಂದ ರಾಷ್ಟ್ರೀಯ ಶಕ ಪಂಚಾಂಗದಲ್ಲಿ ಇದೇ ಲೆಕ್ಕ ಮಾಡಿ ನೋಡಿದೆವು. ಶಕ 19ರಿಂದ ಆರಂಭವಾಗುವ ವರ್ಷಗಳಲ್ಲಿ ಗತಪ್ರತ್ಯಾಗತ ದಿನ ಒಂದೂ ಇಲ್ಲ. ಮೊದಲನೆಯದು ಶಕ 2001ರ ವೈಶಾಖ 10, ಅಂದರೆ 2079ರ ಏಪ್ರಿಲ್ 30. ಆ ಪಂಚಾಂಗದ ವೈಶಾಖಕ್ಕೆ 31 ದಿನಗಳಿರುವುದರಿಂದ ಶಕೆಯ ಆ ಶತಮಾನಕ್ಕೆ 31 ದಿನಗಳು ದೊರೆಯುತ್ತವೆ. ಫೆಬ್ರವರಿಗಿಂತ ಎರಡು ಹೆಚ್ಚು.

ಉಳಿದ ಬಗೆಗಳನ್ನು ಚುಟುಕಾಗಿ ಹೇಳಬಹುದು. 02-02-2020 ದಿನವನ್ನು ಮೊದಲಿಟ್ಟರೂ ತಿಂಗಳನ್ನು ಮೊದಲಿಟ್ಟರೂ ವರ್ಷವನ್ನು ಮೊದಲಿಟ್ಟರೂ ಗತಪ್ರತ್ಯಾಗತವೇ. ಅಂದು ವರ್ಷದ 33ನೆಯ ದಿನವಾಗಿದ್ದು, ಇನ್ನು 333 ದಿನಗಳು ಉಳಿದಿದ್ದವು. ಅಂಥ ದಿನ ಮತ್ತೆ ಬರುವುದು 12-12-2121ರಂದು. 2002ರ ಫೆಬ್ರವರಿ 20ರ ರಾತ್ರಿ 8 ಗಂಟೆ 2 ನಿಮಿಷಕ್ಕೆ ಗಡಿಯಾರ, ದಿನಾಂಕ, ವರ್ಷ ಮೂರೂ 2002 ಎಂದೇ ತೋರಿಸಿದವು. 16-9-25ರಲ್ಲಿ 4, 3, 5ರ ವರ್ಗಗಳಿದ್ದು, ಶಾಲೆಯಲ್ಲಿ ಕಲಿತ ಲಂಬಕೋನ ತ್ರಿಭುಜ ನೆನಪಾಗುತ್ತದೆ. 1961ನ್ನು ತಲೆಕೆಳಗು ಮಾಡಿದರೂ 1961 ಆಗಿಯೇ ಇರುತ್ತದೆ. ಕನ್ನಡ ಅಂಕಿಗಳಲ್ಲಿ ೧೯೬೧ ಎಂದು ಬರೆದರೆ ಆ ಆಟ ನಡೆಯದು.

ಗಡಿಯಾರದ ವಿಷಯಕ್ಕೆ ಬಂದರೆ, ‘ನೋಡಿದಾಗಲೆಲ್ಲ 11:11, 3:33 ಕಾಣಿಸುತ್ತದೆ’ ಎಂದು ಅಚ್ಚರಿಪಡುವವರು ಬಹಳ. ಎಣಿಸಿ ನೋಡಿದರೆ ಅಚ್ಚರಿ ಕರಗುತ್ತದೆ. ಹನ್ನೆರಡು ಗಂಟೆಯ ಗಡಿಯಾರದಲ್ಲಿ 1:01, 2:12, 12:21 ಮುಂತಾದ ಗತಪ್ರತ್ಯಾಗತ ಸಮಯಗಳು 57. ಹಗಲು ರಾತ್ರಿ ಸೇರಿ ದಿನಕ್ಕೆ 114. ಸರಾಸರಿ ಹದಿಮೂರು ನಿಮಿಷದೊಳಗೆ ಒಂದು ಬರುತ್ತದೆ. ಕಾತ್ರಜ ಚೌಕದಲ್ಲಿ ಬೆಳಗಾವಿಯ ಬಸ್ಸಿಗೆ ಕಾಯುತ್ತ ನಿಂತವರು ಬಸ್ಸು ಬರುವುದರೊಳಗೆ ಎರಡು ಮೂರನ್ನಾದರೂ ಕಂಡಿರುತ್ತಾರೆ. ಇಪ್ಪತ್ನಾಲ್ಕು ಗಂಟೆಯ ಕ್ರಮದಲ್ಲಿ ಬರೆದರೆ ಸಂಖ್ಯೆ ಒಮ್ಮೆಲೇ 16ಕ್ಕೆ ಇಳಿಯುತ್ತದೆ. ಸಾಗುತ್ತಿರುವ ಹೊತ್ತು ಒಂದೇ, ಬರಹ ಬೇರೆ.

ಅಂಕಿಗಳೊಂದಿಗೆ ಆಡುವುದೇ ಆದರೆ ಪುಣೆಯ ನಂಟಿರುವ ಒಂದು ಆಟವಿದೆ. ಇಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ, ನಾಸಿಕದ ಬಳಿಯ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ದ. ರಾ. ಕಾಪ್ರೇಕರ್ (1905-1986) ಅವರು 1949ರಲ್ಲಿ 6174 ಎಂಬ ಸಂಖ್ಯೆಯ ಗುಣವನ್ನು ಕಂಡುಹಿಡಿದರು. 1975ರಲ್ಲಿ ಮಾರ್ಟಿನ್ ಗಾರ್ಡ್‌ನರ್ ಅಮೆರಿಕದ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಬರೆದ ಮೇಲೆ ಅವರ ಹೆಸರು ಜಗತ್ತಿಗೆ ತಿಳಿಯಿತು. ಅಂಕಿಗಳೆಲ್ಲ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆಯನ್ನು ಇಳಿಕೆಯ ಕ್ರಮದಲ್ಲಿ ಬರೆದು, ಅದರಿಂದ ಏರಿಕೆಯ ಕ್ರಮದಲ್ಲಿ ಬರೆದುದನ್ನು ಕಳೆಯಬೇಕು; ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋದರೆ ಏಳು ಹಂತಗಳೊಳಗೆ 6174 ಬಂದು ನಿಲ್ಲುತ್ತದೆ. ರಾಜ್ಯಗಳು ಪುನರ್ವಿಂಗಡಣೆಯಾದ 1956ನ್ನು ತೆಗೆದುಕೊಳ್ಳಿ: 9651ರಿಂದ 1569 ಕಳೆದರೆ 8082, 8820ರಿಂದ 0288 ಕಳೆದರೆ 8532, 8532ರಿಂದ 2358 ಕಳೆದರೆ 6174. ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದ 1973ಕ್ಕೆ ಎರಡೇ ಹಂತ ಸಾಕು. ರಾಜ್ಯೋತ್ಸವದ 01-11ನ್ನು 0111 ಎಂದು ಬರೆದು ಐದು ಹಂತಗಳಲ್ಲಿ ಮುಟ್ಟುವುದನ್ನು ಮಕ್ಕಳಿಗೆ ಬಿಟ್ಟಿದ್ದೇವೆ. ತಮಾಷೆಯೆಂದರೆ, ಜನ ಮೆಚ್ಚುವ 11:11, 22:22ಗಳೇ ಈ ಆಟದಲ್ಲಿ ಸೋಲುತ್ತವೆ. ಮೊದಲ ಹೆಜ್ಜೆಯಲ್ಲೇ ಸೊನ್ನೆ.

ಆಟ ಆಟವಾಗಿ ಉಳಿಯದಿರುವುದು ಹೆರಿಗೆಯ ವಿಷಯದಲ್ಲಿ. 11-11-11 ಮತ್ತು 12-12-12ರಂದು ಶಸ್ತ್ರಕ್ರಿಯೆಯ ಮೂಲಕ ಮಗುವನ್ನು ಪಡೆಯಲು ದೇಶದ ಹಲವು ನಗರಗಳಲ್ಲಿ ಬೇಡಿಕೆ ಬಂದುದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಗರ್ಭಕ್ಕೆ 39 ವಾರ ತುಂಬುವ ಮೊದಲು, ವೈದ್ಯಕೀಯ ಕಾರಣವಿಲ್ಲದೆ ಶಸ್ತ್ರಕ್ರಿಯೆ ಮಾಡಿಸಿದರೆ ಶಿಶುವಿಗೆ ಉಸಿರಾಟದ ತೊಂದರೆಯ ಸಂಭವ ಹೆಚ್ಚು. ತಾರೀಖಿನ ಚಂದಕ್ಕಾಗಿ ಇದಕ್ಕೆ ಒಡ್ಡಿಕೊಳ್ಳುವುದು ಸಲ್ಲದೆಂದೇ ನಮ್ಮ ಅಭಿಪ್ರಾಯ. ನಕ್ಷತ್ರ ಆರಿಸಿಕೊಂಡು ಮಾಡಿಸುವ ಶಸ್ತ್ರಕ್ರಿಯೆಗೂ ಇದೇ ಮಾತು ಅನ್ವಯಿಸುತ್ತದೆ.

ಮದುವೆಯ ವಿಷಯದಲ್ಲಿ ಅಪಾಯವೇನಿಲ್ಲ, ಮನೆಯೊಳಗಿನ ಜಗಳ ಮಾತ್ರ. 12-12-2012ರಂದು ಪಂಚಾಂಗದಲ್ಲಿದ್ದುದು ಶಕೆ 1934, ನಂದನ ಸಂವತ್ಸರ, ಕಾರ್ತಿಕ ಬಹುಳ ಚತುರ್ದಶಿ. ಮಾರನೆಯ ದಿನ ಅಮಾವಾಸ್ಯೆ. ಅಂಥ ತಿಥಿಯಲ್ಲಿ ಮಗಳನ್ನು ಧಾರೆಯೆರೆಯಲು ಅಜ್ಜ ಅಜ್ಜಿಯರು ಒಪ್ಪದಿದ್ದರೆ ಅವರನ್ನು ಹಳೆಯ ಕಾಲದವರೆಂದು ತಳ್ಳಿಹಾಕಬೇಕಾಗಿಲ್ಲ. ಇಬ್ಬರೂ ದಿನವನ್ನೇ ಆರಿಸುತ್ತಿದ್ದಾರೆ. ಒಬ್ಬರು ಅಂಕಿಯನ್ನು ನೋಡಿ, ಇನ್ನೊಬ್ಬರು ಚಂದ್ರನನ್ನು ನೋಡಿ.

ಹಿರಿಯರ ಎಣಿಕೆಯಲ್ಲೂ ಮರುಕಳಿಕೆಗಳಿವೆ. ಅವು ಬರಹವನ್ನು ನೆಚ್ಚಿಕೊಂಡಿಲ್ಲ. 1952ರ ನಂದನದಲ್ಲಿ ಹುಟ್ಟಿದವರಿಗೆ 2012ರಲ್ಲಿ ಅದೇ ಸಂವತ್ಸರ ತಿರುಗಿ ಬಂದು ಷಷ್ಟಿಪೂರ್ತಿಯಾಯಿತು. ಸಹಸ್ರಚಂದ್ರ ದರ್ಶನದ ಸಾವಿರ ಹುಣ್ಣಿಮೆಗಳಿಗೆ ಸುಮಾರು 80 ವರ್ಷ 10 ತಿಂಗಳು ಬೇಕು. ಹತ್ತೊಂಬತ್ತು ವರ್ಷಗಳಲ್ಲಿ 235 ಚಾಂದ್ರಮಾಸಗಳು ಹೆಚ್ಚುಕಡಿಮೆ ಸರಿಯಾಗಿ ಹಿಡಿಸುವುದರಿಂದ, ಹುಟ್ಟಿದ ತಾರೀಖೂ ಹುಟ್ಟಿದ ತಿಥಿಯೂ ಆ ವಯಸ್ಸಿನಲ್ಲಿ ಮತ್ತೆ ಸಂಧಿಸುತ್ತವೆ, ಒಮ್ಮೊಮ್ಮೆ ಒಂದು ದಿನದ ಹಿಂದುಮುಂದಾಗಿ. 12-12-12ರಂದು ಹುಟ್ಟಿದ ಮಕ್ಕಳಿಗೆ ಈ ಯೋಗ 2031ರ ಡಿಸೆಂಬರಿನಲ್ಲಿದೆ. ಮನೆಯ ಹಳೆಯ ಪಂಚಾಂಗಗಳನ್ನು ಎತ್ತಿಟ್ಟುಕೊಂಡವರು ತಮ್ಮ ತಮ್ಮ ಜನ್ಮದಿನಗಳನ್ನು ಹೀಗೆ ತಾಳೆ ನೋಡಬಹುದು.